ತಂತಿಯಿಲ್ಲದ ಮಂದ್ರಸ್ವರ

ಮೂರ್ನಾಡಿನ ಮದುವೆಯೊಂದರಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಬೇಸ್ ಗಿಟಾರ್ ನುಡಿಸಿದನು. ಕೂಡಿಟ್ಟ ಹಣದಿಂದ ಕೊಂಡ ಅಗ್ಗದ ನಿಸ್ತಂತು ಸಾಧನವು ಬೆಳಗ್ಗೆ ಬರಿದಾದ ಮಂಟಪದಲ್ಲಿ ನಿರ್ದೋಷವಾಗಿತ್ತು. ಜನ ತುಂಬಿದೊಡನೆ ಸ್ವರವು ತುಂಡುತುಂಡಾಯಿತು. ಸಾಧನ ಕೆಟ್ಟಿತೆಂದು ಅವನು ಬಗೆದನು. ಕೆಟ್ಟಿರಲಿಲ್ಲ.

ಇಂತಹ ಅನೇಕ ಸಾಧನಗಳು 2.4 ಗಿಗಾಹರ್ಟ್ಸ್ ಆವರ್ತನದಲ್ಲಿ ಕೆಲಸಮಾಡುತ್ತವೆ. ಅಲ್ಲಿ ಪರವಾನಗಿ ಬೇಡ; ಆದುದರಿಂದಲೇ ಅತಿಥಿಗಳ ಫೋನುಗಳ ವೈಫೈ, ಬ್ಲೂಟೂತ್‌ಗಳೂ ಅಲ್ಲಿಯೇ ನೆರೆಯುತ್ತವೆ. ಮೇಲಾಗಿ, ಸುಮಾರು 12 ಸೆಂಟಿಮೀಟರು ಉದ್ದದ ಈ ಅಲೆಯನ್ನು ನಮ್ಮ ದೇಹದ ನೀರು ಚೆನ್ನಾಗಿ ಹೀರುತ್ತದೆ. ಗ್ರಾಹಕವಾದರೋ ಮಂಟಪದ ಹಿಂಬದಿಯಲ್ಲಿತ್ತು. ನಡುವೆ ನಿಂತವರೆಲ್ಲ ಅದಕ್ಕೆ ಗೋಡೆಯೇ ಸರಿ. ಅದನ್ನು ವೇದಿಕೆಗೇ ತಂದು, ವಾದಕನ ಕಣ್ಣೆದುರು ಎತ್ತರದಲ್ಲಿಟ್ಟೆವು. ತೊಂದರೆ ಬಹುಮಟ್ಟಿಗೆ ನೀಗಿತು.

ಕೊಳ್ಳುವ ಮುನ್ನ ವಾಚಕರು ವಿಚಾರಿಸಬೇಕಾದುದು ಬೇರೊಂದುಂಟು. ಬೇಸಿನ ದಪ್ಪ ತಂತಿ ಸೆಕೆಂಡಿಗೆ 41 ಬಾರಿ ಕಂಪಿಸುತ್ತದೆ, ಐದು ತಂತಿಯದರಲ್ಲಿ 31 ಬಾರಿ. ಮಾತಿಗೆಂದು ಮಾಡಿದ ಸಾಧನವು ಅಷ್ಟು ಕೆಳಗಿಳಿಯದಿರಬಹುದು. ವಿಳಂಬಕ್ಕೆ ಅಂಜಬೇಕಿಲ್ಲ: 5 ಮಿಲಿಸೆಕೆಂಡು ಎಂದರೆ ಧ್ವನಿಪೆಟ್ಟಿಗೆಯಿಂದ 1.7 ಮೀಟರು ಹಿಂದೆ ಸರಿದಂತೆ, ಅಷ್ಟೆ. ಸಾಮಾನ್ಯ ಬ್ಲೂಟೂತ್ ಮಾತ್ರ ಬೇಡ. ಅದರ ವಿಳಂಬ ನೂರು ಮಿಲಿಸೆಕೆಂಡನ್ನೂ ಮೀರಬಹುದು.

ಆ ತರುಣನ ಚೀಲದಲ್ಲಿ ಈಗಲೂ ಆರು ಮೀಟರಿನ ತಂತಿಯೊಂದು ಇದ್ದೇ ಇರುತ್ತದೆ.