ಮರಳೂ ಕಬ್ಬಿಣವೂ

ಅಂಗಸಾಧನೆಯ ವಿಷಯದಲ್ಲಿ ನಮ್ಮ ಠಾಣೆ, ಡೊಂಬಿವಲಿ ಕಡೆಯ ಬಂಧುಗಳಲ್ಲಿ ಎರಡು ಪಂಗಡಗಳಿವೆ. ತರುಣರು ಜಿಮ್ಮಿಗೆ ಹಣ ಕಟ್ಟಿ ಕಬ್ಬಿಣ ಎತ್ತುತ್ತಾರೆ. ನಾಲ್ಕು ಹೆಜ್ಜೆ ನಡೆಯಬೇಕಾದರೆ ಮಾತ್ರ ರಿಕ್ಷಾ ಬೇಕು! ಹಿರಿಯರು ಮಾಸುಂದಾ ಕೆರೆಯನ್ನೋ ವಾಶಿಯ ಸಾಗರ ವಿಹಾರವನ್ನೋ ಸುತ್ತಿ ಬಂದು, "ಭಾರ ಎತ್ತುವುದು ಹುಡುಗರ ಕೆಲಸ" ಎಂದುಬಿಡುತ್ತಾರೆ. ಅನ್ನ ಒಬ್ಬರ ಎಲೆಯಲ್ಲಿ, ಸಾರು ಇನ್ನೊಬ್ಬರ ಎಲೆಯಲ್ಲಿ.

ನಾವೂ ಮೊದಲ ಪಂಗಡದವರೇ. ಎರಡು ವರ್ಷ ಜಿಮ್ಮಿಗೆ ಹೋದ ಹೆಮ್ಮೆಯಲ್ಲಿ ಒಂದು ಭಾನುವಾರ ಮಕ್ಕಳೊಡನೆ ಜುಹೂ ದಂಡೆಯ ಒಣಮರಳಿನಲ್ಲಿ ಬರಿಗಾಲಲ್ಲಿ ಓಡಿದೆವು. ಹತ್ತು ನಿಮಿಷಕ್ಕೆ ಏದುಸಿರು. ಮರುದಿನ ಮೀನಖಂಡ ಹಿಡಿದು, ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತಲಾರದೆ, ದಿನದ ಲೋಕಲ್ ಹೊರಟುಹೋಗುವುದನ್ನು ನೋಡುತ್ತ ನಿಂತೆವು.

ಕಾರಣ ಸರಳ. ಹೆಜ್ಜೆಯ ಬಲದಲ್ಲಿ ಒಂದು ಪಾಲು ಮರಳನ್ನು ಸರಿಸುವುದಕ್ಕೇ ಖರ್ಚಾಗುತ್ತದೆ. 1998ರಲ್ಲಿ ಪ್ರಕಟವಾದ ಬೆಲ್ಜಿಯಂ ವಿಜ್ಞಾನಿಗಳ ಲೆಕ್ಕದಂತೆ, ಮರಳಿನಲ್ಲಿ ನಡೆಯಲು ಗಟ್ಟಿನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು, ಓಡಲು ಸುಮಾರು 1.6 ಪಟ್ಟು ಶಕ್ತಿ ಬೇಕು. ಆಸ್ಟ್ರೇಲಿಯದ ಪೋರ್ಟ್‌ಸೀ ತೀರದಲ್ಲಿ ಪರ್ಸಿ ಸೆರುಟಿ ಎಂಬ ಗುರುಗಳು ಶಿಷ್ಯರನ್ನು ಮರಳುದಿಬ್ಬ ಹತ್ತಿಸಿ ಓಡಿಸುತ್ತಿದ್ದರು, ಬಾರ್‌ಬೆಲ್ಲನ್ನೂ ಎತ್ತಿಸುತ್ತಿದ್ದರು. ಅವರ ಶಿಷ್ಯ ಹರ್ಬ್ ಎಲಿಯಟ್ 1960ರ ರೋಮ್ ಒಲಿಂಪಿಕ್ಸಿನಲ್ಲಿ 1500 ಮೀಟರನ್ನು 3 ನಿಮಿಷ 35.6 ಸೆಕೆಂಡಿನಲ್ಲಿ ಓಡಿ, ವಿಶ್ವದಾಖಲೆಯೊಡನೆ ಚಿನ್ನ ಗೆದ್ದರು.

ಇದು ನಮಗೇನು ಹೊಸದೆ? ಊರ ಗರಡಿಯಲ್ಲಿ ಕಾಲಿಗೆ ಹದವಾದ ಮಟ್ಟಿ, ಕೈಗೆ ಗದೆ, ಕಲ್ಲುಗುಂಡು. 'ಶಾಂತಲಾ', 'ರೂಪದರ್ಶಿ' ಬರೆದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನ ತಮ್ಮ ವ್ಯಾಯಾಮಶಾಲೆಯಲ್ಲಿ ಸೂರ್ಯನಮಸ್ಕಾರವನ್ನೂ ಬಾರ್‌ಬೆಲ್ಲನ್ನೂ ಬೇರೆ ಮಾಡಲಿಲ್ಲ.

ಆದರೆ ನಮ್ಮಲ್ಲಿ ಮರಳೆಲ್ಲಿ? ನವಿಮುಂಬಯಿಯ ಪಾಮ್ ಬೀಚ್ ರಸ್ತೆಗೆ ಹೆಸರಷ್ಟೇ ಬೀಚು. ಪಕ್ಕದಲ್ಲಿರುವುದು ಕಾಂಡ್ಲಾ ಕಾಡು, ಕೆಸರು. ಅಲ್ಲಿಯವರಿಗೆ ಉರಣದ ಪೀರವಾಡಿ ದಂಡೆಯಿದೆ. ಡೊಂಬಿವಲಿ, ಕಲ್ಯಾಣದವರಿಗೆ ಹದಿನೈದು ದಿನಕ್ಕೊಮ್ಮೆ ಜುಹೂ ಸಾಕು. ಠಾಣೆಯವರು ಉಳಿದ ವಾರ ಯೇವೂರಿನ ಏರು ಹತ್ತಲಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ: ವಾರಕ್ಕೆ 150 ನಿಮಿಷವಾದರೂ ಬಿರುಸು ನಡಿಗೆಯಂಥ ಶ್ರಮ, ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಸಾಧನೆ. ಹಿರಿಯರಿಗೂ ವಿನಾಯಿತಿಯಿಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ. ಬರಿಯ ನಡಿಗೆ ಅದನ್ನು ತಡೆಯಲಾರದು.

ಮೊದಲ ದಿನವೇ ಒಣಮರಳಿಗೆ ಇಳಿಯಬೇಡಿ. ಇಳಿತದ ಹೊತ್ತಿಗೆ ಹೋಗಿ, ನೀರಿನಂಚಿನ ಗಟ್ಟಿಮರಳಿನಲ್ಲಿ ಹದಿನೈದು ನಿಮಿಷ ನಡೆಯಿರಿ. ಹಿಂದಿನ ದಿನ ಜಿಮ್ಮಿನಲ್ಲಿ ಕಾಲಿಗೆ ಭಾರ ಬೇಡ. ತೋಳು, ಬೆನ್ನಿಗಾದರೆ ಆಗಬಹುದು. ಸಕ್ಕರೆ ಕಾಯಿಲೆಯವರು ಬೂಟು ಬಿಚ್ಚಲೇಬಾರದು. ಗಾಜಿನ ಚೂರು ಚುಚ್ಚಿದರೂ ಅವರಿಗೆ ತಿಳಿಯದೆ ಹೋಗಬಹುದು. ಮಳೆಗಾಲದ ಕಡಲನ್ನು ದೂರದಿಂದಲೇ ನೋಡಿ.

ಜಿಮ್ಮಿಗೆ ಹೋಗಲು ಸಂಕೋಚಪಡುವ ನಮ್ಮ ತಾಯಂದಿರು ನೀರು ತುಂಬಿದ ಬಾಟಲಿ ಹಿಡಿದು, ಕುರ್ಚಿಯಿಂದ ಹತ್ತು ಸಲ ಎದ್ದು ಕೂತರೂ ಆದೀತು. ನಮ್ಮ ಮನೆಯಾಕೆ ಹಾಗೆ ಆರಂಭಿಸಿ ಆರು ತಿಂಗಳಾಯಿತು. ಹೋದ ವಾರ ಅದೇ ಸೇತುವೆಯ ಮೇಲೆ ತರಕಾರಿ ಚೀಲದೊಡನೆ ಮುಂದೆ ನಿಂತು, "ಬನ್ನಿ ಬೇಗ, ಗಾಡಿ ಬಂತು" ಎಂದು ನಮ್ಮನ್ನೇ ಕೂಗಿದಳು.