ನೇತ್ರಾಣಿಯ ನೀರಿನಡಿ

ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ ದ್ವೀಪ. ಸ್ಕೂಬಾ ಡೈವಿಂಗ್‌ಗೆ ಹೊಸಬರನ್ನು ನೀರಿಗಿಳಿಸುವಾಗ ನಾನು ಪಟ್ಟು ಹಿಡಿದು ಹೇಳುವುದು ಒಂದೇ ಮಾತು: ಉಸಿರು ಬಿಗಿಹಿಡಿಯಬೇಡಿ. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಹಾಗೇ ಹಿಡಿದು ಮೇಲೇರಿದರೆ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಕಿವಿ ಬಿಗಿಯುತ್ತಿದೆ ಅನ್ನಿಸಿದರೆ, ನೋವು ಶುರುವಾಗುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಬೇಕು.

ಇಷ್ಟು ರೂಢಿಯಾದ ಮೇಲೆ ನೋಡಿ! ಗಿಳಿಮೀನು ಬಂಡೆ ಕೆರೆಯುವ ಕಟಕಟ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಆಳದಲ್ಲಿ ಬೂದಾಗಿ ಕಂಡ ಕೆಂಪು ಮೀನು, ಟಾರ್ಚ್ ಬಿಟ್ಟರೆ ಕೆಂಡ.

ಮಳೆಗಾಲದಲ್ಲಿ ಡೈವಿಂಗ್ ಇಲ್ಲ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದು ನನಗೆ ಇಂದಿಗೂ ಸಂಕಟವೇ. ನೀವಾದರೂ ಇಲ್ಲಿನ ಹವಳಕ್ಕೆ ಕೈ, ಕಾಲು ತಾಗಿಸಬೇಡಿ. ಗುಂಡು ಹವಳ ವರ್ಷಕ್ಕೆ ಬೆಳೆಯುವುದೇ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್.