ಬೂದಿ ಬಳಿದ ಕಳ್ಳಿ

ಕಳ್ಳಿಯೆಂದರೆ ನಮಗೆ ನೆನಪಾಗುವುದು ಬೇಲಿ. ಮುರಿದರೆ ಹಾಲು ಸುರಿಸುವ ನಮ್ಮ ಬೇಲಿಯ ಕಳ್ಳಿಗೂ ಇಂದು ನಾನು ಹೇಳಹೊರಟ ಗಿಡಕ್ಕೂ ಹೆಸರಿನ ನಂಟೇ ಹೊರತು ಕುಲದ ನಂಟಿಲ್ಲ. ಇದು ಪಾಪಸುಕಳ್ಳಿಯ ಬಳಗದ್ದು. ದಕ್ಷಿಣ ಅಮೆರಿಕದ ಚಿಲಿ ದೇಶದ್ದು. ಶಾಸ್ತ್ರಜ್ಞರು ಇಟ್ಟ ಹೆಸರು ಕೊಪಿಯಾಪೋವಾ ಸಿನೇರಿಯ. ಕೊಪಿಯಾಪೋ ಎಂಬುದು ಅಲ್ಲಿಯ ಒಂದು ಊರು; ಸಿನೇರಿಯ ಎಂದರೆ ಲ್ಯಾಟಿನ್ನಿನಲ್ಲಿ ಬೂದಿಬಣ್ಣದ್ದು.

ಅಟಕಾಮ ಮರುಭೂಮಿಯ ಕಡಲಂಚಿನಲ್ಲಿ ಇದರ ವಾಸ. ಅಲ್ಲಿ ವರ್ಷಗಟ್ಟಲೆ ಮಳೆ ಕಾಣದಿರುವುದುಂಟು. ಶಾಂತಸಾಗರದಿಂದ ತೇಲಿಬರುವ ಮಂಜೇ ಆ ನೆಲಕ್ಕೆ ಮುಖ್ಯ ಆಸರೆ. ಅಲ್ಲಿಯವರು ಅದನ್ನು ಕಮಂಚಾಕ ಎನ್ನುತ್ತಾರೆ. ಗಿಡದ ಮೈಮೇಲಿನ ಬೂದಿ ನಿಜವಾಗಿ ಒಂದು ಬಗೆಯ ಮೇಣ. ಅದು ಬಿಸಿಲಿನ ತಾಪವನ್ನು ತಗ್ಗಿಸಿ, ಒಳಗಿನ ನೀರು ಆರದಂತೆ ತಡೆಯುತ್ತದೆ. ಕಂಬದಂತೆ ಬೆಳೆಯುವ ಬಗೆಯೊಂದು ಸಾಲುಸಾಲಾಗಿ ಉತ್ತರಕ್ಕೇ ಬಾಗಿ ನಿಂತಿರುತ್ತದೆ. ದಕ್ಷಿಣಾರ್ಧಗೋಳದ ಆ ಭಾಗದಲ್ಲಿ ಸೂರ್ಯ ಹೆಚ್ಚು ಕಾಲ ಉತ್ತರದ ಕಡೆಗಿರುವನಷ್ಟೆ: ಹೂಬಿಡುವ ನೆತ್ತಿ ಬಿಸಿಲಿಗೆ, ಪಕ್ಕೆಗಳು ನೆರಳಿಗೆ. ಹಗಲೆಲ್ಲ ಮೈಯ ರಂಧ್ರಗಳನ್ನು ಮುಚ್ಚಿಕೊಂಡು ರಾತ್ರಿಯಲ್ಲಿ ಗಾಳಿ ಸೇವಿಸುವ ಈ ಜಿಪುಣನಿಗೆ ಬೆಳವಣಿಗೆಯೆಂಬುದು ಕೊನೆಯ ಖರ್ಚು. ವರ್ಷಕ್ಕೆ ಕೆಲವು ಮಿಲಿಮೀಟರು ಏರಿದರೆ ಆಯಿತು. ಮೊಳಕಾಲೆತ್ತರದ ಒಂದು ಕಂಬ ನಮ್ಮ ಅಜ್ಜಂದಿರಿಗಿಂತ ಹಿರಿಯದಾಗಿದ್ದೀತು.

ಈ ಮುದುಕರಿಗೇ ಸಂಗ್ರಾಹಕರ ಆಸೆ. 2020ರಲ್ಲಿ ಇಟಲಿಯ ಪೊಲೀಸರು ಚಿಲಿಯಿಂದ ಕದ್ದು ತಂದಿದ್ದ ಸಾವಿರಕ್ಕೂ ಮಿಕ್ಕ ಕಳ್ಳಿಗಳನ್ನು ವಶಪಡಿಸಿಕೊಂಡರು. ಅವುಗಳಲ್ಲಿ ಕೊಪಿಯಾಪೋವಾಗಳು ಬಹಳ. ಮರುವರ್ಷ ಎಂಟುನೂರಕ್ಕೂ ಹೆಚ್ಚು ಗಿಡಗಳನ್ನು ತಾಯ್ನಾಡಿಗೆ ಕಳುಹಿಸಿಕೊಟ್ಟರು. ಕಿತ್ತ ಗುಂಡಿಯಲ್ಲಿ ಮತ್ತೊಂದು ಅಷ್ಟೆತ್ತರಕ್ಕೆ ಬರಬೇಕಾದರೆ ಎಷ್ಟು ತಲೆಮಾರು ಬೇಕೋ ಲೆಕ್ಕ ಹಾಕಿ. ಆದಕಾರಣ ಮೈಯೆಲ್ಲ ಬೂದಿಯಾಗಿ, ಬುಡ ಸವೆದು, ಬೇರು ಕತ್ತರಿಸಿದಂತಿರುವ ದೊಡ್ಡ ಗಿಡವನ್ನು ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ಕುಂಡದಲ್ಲಿ ಹುಟ್ಟಿದ್ದು ಸಾಮಾನ್ಯವಾಗಿ ಹಸಿರುಮಿಶ್ರಿತವಾಗಿ, ಗಾಯವಿಲ್ಲದೆ, ಸಮನಾಗಿರುತ್ತದೆ.

ಬೀಜದಿಂದ ಬೆಳೆಸುವುದು ಕಷ್ಟವಲ್ಲ, ತಡ. ದಪ್ಪ ಮರಳಿಗೆ ಸ್ವಲ್ಪ ಮಣ್ಣು ಬೆರೆಸಿ, ಬೀಜವನ್ನು ಹೂಳದೆ ಮೇಲೆಯೇ ಉದುರಿಸಬೇಕು. ಮೊದಲ ಕೆಲವು ತಿಂಗಳು ತೇವವೂ ತೆಳುನೆರಳೂ ಬೇಕು. ಆಮೇಲೆ ಬಿಸಿಲಿಗೆ ಮೆಲ್ಲಮೆಲ್ಲನೆ ಒಗ್ಗಿಸಿ, ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ನೀರು. ನಮ್ಮ ಮುಂಗಾರಿನಲ್ಲಿ ಸೂರಿನ ಕೆಳಗಿಡುವುದು ಕ್ಷೇಮ. ಕಡುಬೇಸಗೆಯಲ್ಲಿ ಬೆಳವಣಿಗೆ ನಿಲ್ಲಿಸಿ ಮಲಗುವುದೂ ಉಂಟು. ಬಾಯಾರಿತೆಂದು ಮರುಗಿ ಆಗ ಧಾರಾಳವಾಗಿ ಎರೆದರೆ ಬೇರು ಕೊಳೆಯುತ್ತದೆ. ಈ ಗಿಡ ಸಾಯುವುದು ಹೆಚ್ಚಾಗಿ ಅಕ್ಕರೆಯಿಂದಲೇ. ಮೈ ಸವರಬೇಡಿ, ಮೇಣ ಅಳಿಸಿಹೋಗುತ್ತದೆ.

ನಮ್ಮ ಮಾಳಿಗೆಯಲ್ಲಿ ನಾನು ಬಿತ್ತಿದ್ದೊಂದು ಆರು ವರ್ಷಕ್ಕೆ ಸಣ್ಣ ನಿಂಬೆಕಾಯಿಯಷ್ಟಾಗಿದೆ. ಅದರ ಹಳದಿ ಹೂವನ್ನು ನಾನು ಕಾಣುವೆನೋ ಇಲ್ಲವೋ. ನೋಡಬಂದವರು ಇದಕ್ಕೇಕೆ ಬೂದಿಯಿಲ್ಲವೆಂದು ಕೇಳುತ್ತಾರೆ. ಈ ವರ್ಷ, ಬಿಸಿಲು ಬೀಳುವ ಪಕ್ಕದಲ್ಲಿ ಮಾತ್ರ, ತೆಳುವಾಗಿ ಸ್ವಲ್ಪ ಕಾಣಿಸಿಕೊಂಡಿದೆ.